ಕಚೇರಿಯ ನೆಟ್‌ವರ್ಕ್ ಪಟ್ಟಿಯಲ್ಲಿ ಅರ್ಧಕ್ಕರ್ಧ ಕಂಪ್ಯೂಟರ್‌ಗಳು ಕಾಣಿಸುತ್ತಿಲ್ಲ. ಒಂದೊಂದು ಯಂತ್ರದಲ್ಲಿ ಒಂದೊಂದು ಪಟ್ಟಿ

ಪ್ರಶ್ನೆ: ಅಚ್ಚುಮನೆ

ಎಲ್ಲರಿಗೂ ನಮಸ್ಕಾರ.

ನಾನು ಧಾರವಾಡದ ಒಂದು ಮುದ್ರಣಾಲಯದಲ್ಲಿ ಪುಟವಿನ್ಯಾಸ ಮಾಡುತ್ತೇನೆ. ಅದರ ಜೊತೆಗೆ ಅಲ್ಲಿನ ಕಂಪ್ಯೂಟರ್‌ಗಳ ಉಸ್ತುವಾರಿಯೂ ನನ್ನ ಮೇಲೆಯೇ ಇದೆ. ನಮ್ಮಲ್ಲಿ ಒಟ್ಟು 9 ಕಂಪ್ಯೂಟರ್‌ಗಳಿವೆ, ಕಡತಗಳನ್ನೆಲ್ಲ ಒಂದೆಡೆ ಇಡುವುದಕ್ಕೆ ಒಂದು ನ್ಯಾಸ್ ಪೆಟ್ಟಿಗೆ ಇದೆ. ಕೆಳಮಹಡಿಯಲ್ಲಿ ಬಿಲ್ಲಿಂಗ್‌ಗೆಂದು ಹೊಸದಾಗಿ ತಂದ ಎರಡು ವಿಂಡೋಸ್ 11 ಯಂತ್ರಗಳು, ಸಂಪಾದಕರ ಕೋಣೆಯಲ್ಲಿ ವೈಫೈ ಮೂಲಕ ನಡೆಯುವ ಒಂದು ವಿಂಡೋಸ್ 11 ಲ್ಯಾಪ್‌ಟಾಪ್, ಕರಡು ತಿದ್ದುವವರ ಬಳಿ ಒಂದು ವಿಂಡೋಸ್ 7 ಯಂತ್ರ, ಪ್ಲೇಟ್ ತೆಗೆಯುವ ಯಂತ್ರಕ್ಕೆ ಜೋಡಿಸಿದ ಒಂದು ವಿಂಡೋಸ್ ಎಕ್ಸ್‌ಪಿ ಯಂತ್ರ ಇವೆ. ಮೇಲ್ಮಹಡಿಯ ಡಿಟಿಪಿ ವಿಭಾಗದಲ್ಲಿ ವಿಂಡೋಸ್ 10 ಇರುವ ನಾಲ್ಕು ಯಂತ್ರಗಳಿವೆ. ಎಲ್ಲದರ ವರ್ಕ್‌ಗ್ರೂಪ್ ಹೆಸರು ಒಂದೇ ಎಂಬುದನ್ನು ಒಂದೊಂದರ ಮುಂದೆಯೂ ಕುಳಿತು ನೋಡಿ ಖಚಿತಪಡಿಸಿಕೊಂಡಿದ್ದೇನೆ.

ಎಕ್ಸ್‌ಪಿ ಯಂತ್ರವನ್ನು ಇನ್ನೂ ಏಕೆ ಇಟ್ಟುಕೊಂಡಿದ್ದೀರಿ ಎಂದು ಕೇಳುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಪ್ಲೇಟ್ ಯಂತ್ರದ ಡ್ರೈವರ್ ಅದರ ಮೇಲೆ ಮಾತ್ರ ನಡೆಯುತ್ತದೆ, ಮತ್ತು ಪೇಜ್‌ಮೇಕರ್‌ನಲ್ಲಿ ಹಳೆಯ ಕನ್ನಡ ಫಾಂಟ್ ಬಳಸಿ ಕಟ್ಟಿದ ಹತ್ತಾರು ಪುಸ್ತಕಗಳ ಪುಟಗಳು ಅಲ್ಲಿಯೇ ಸರಿಯಾಗಿ ತೆರೆದುಕೊಳ್ಳುತ್ತವೆ. ಮರುಮುದ್ರಣದ ಕೆಲಸ ಬಂದಾಗ ಅದೇ ನಮಗೆ ಆಧಾರ.

ಎರಡು ತಿಂಗಳ ಹಿಂದೆ ಹೊಸ ಯಂತ್ರಗಳನ್ನು ತರಿಸಿದೆವು, ಡಿಟಿಪಿ ಯಂತ್ರಗಳಿಗೆ ವಿಂಡೋಸ್ ಮರುಸ್ಥಾಪನೆ ಮಾಡಿಸಿದೆವು, ಮೇಲ್ಮಹಡಿಯಲ್ಲಿ ಮೊಬೈಲ್‌ಗಳಿಗೂ ಸಿಗಲಿ ಎಂದು ಒಂದು ವೈಫೈ ರೂಟರ್ ಕೂರಿಸಿದೆವು. ಅಂದಿನಿಂದ ಫೈಲ್ ಎಕ್ಸ್‌ಪ್ಲೋರರ್‌ನ ನೆಟ್‌ವರ್ಕ್ ಕಿಟಕಿ ತೆರೆದರೆ ಒಂದೊಂದು ಯಂತ್ರದಲ್ಲಿ ಒಂದೊಂದು ಪಟ್ಟಿ ಬರುತ್ತಿದೆ. ಮೊದಲ ಬಿಲ್ಲಿಂಗ್ ಯಂತ್ರದಲ್ಲಿ ಅದರ ಹೆಸರು ಮತ್ತು ಕರಡು ಕೋಣೆಯ ಯಂತ್ರದ ಹೆಸರು, ಎರಡೇ ಕಾಣಿಸುತ್ತವೆ. ಎರಡನೆಯ ಬಿಲ್ಲಿಂಗ್ ಯಂತ್ರದಲ್ಲಿ ಏನೂ ಇಲ್ಲ. ನೆಟ್‌ವರ್ಕ್ ಡಿಸ್ಕವರಿ ಆಫ್ ಆಗಿದೆ ಎಂಬ ಹಳದಿ ಪಟ್ಟಿ ಮೇಲೆ ಬರುತ್ತದೆ. ಎಕ್ಸ್‌ಪಿಯಲ್ಲಿ ಅದರದೇ ಹೆಸರು, ನ್ಯಾಸ್ ಮತ್ತು ಕರಡು ಕೋಣೆಯ ಯಂತ್ರ ಕಾಣುತ್ತವೆ. ಸಂಪಾದಕರ ಲ್ಯಾಪ್‌ಟಾಪ್‌ನಲ್ಲಿ ಅದೊಂದೇ. ನನಗೆ ಬಹಳ ಸೋಜಿಗವೆನಿಸಿದ್ದು ಕರಡು ಕೋಣೆಯ ಹಳೆಯ ವಿಂಡೋಸ್ 7: ಅದರಲ್ಲಿ ಎಕ್ಸ್‌ಪಿ, ನ್ಯಾಸ್, ಮೊದಲ ಬಿಲ್ಲಿಂಗ್ ಯಂತ್ರ ಎಲ್ಲವೂ ಕಾಣಿಸುತ್ತವೆ. ಎಲ್ಲರಿಗಿಂತ ಹೆಚ್ಚು ಕಾಣುವುದು ಅದಕ್ಕೇ.

ಮೇಲ್ಮಹಡಿಯ ಸಂಗತಿ ಇನ್ನೂ ಬೇರೆ. ಅಲ್ಲಿಂದ ನ್ಯಾಸ್‌ನ ಐಪಿ ವಿಳಾಸವನ್ನು ಟೈಪ್ ಮಾಡಿದರೆ ಅದು ತೆರೆಯುತ್ತದೆ. ಕೆಳಗಿನಿಂದ ಮೇಲಿನ ಯಾವ ಯಂತ್ರದ ವಿಳಾಸ ಕೊಟ್ಟರೂ ತೆರೆಯುವುದಿಲ್ಲ. ಮೇಲಿನ ನಾಲ್ಕು ಯಂತ್ರಗಳು ಪರಸ್ಪರರಲ್ಲಿಯೂ ಪೂರ್ತಿಯಾಗಿ ಕಾಣಿಸುವುದಿಲ್ಲ. ಯಾವಾಗ ನೋಡಿದರೂ ಒಂದೇ ಹೆಸರು.

ವಿಂಡೋಸ್ ಯಂತ್ರಗಳು ಕಡತ ಹಂಚಿಕೊಳ್ಳುವ ಹಳೆಯ ವಿಧಾನವಾದ ಎಸ್‌ಎಂಬಿ 1 ಅನ್ನು ಎಲ್ಲ ಯಂತ್ರಗಳಲ್ಲಿಯೂ ಆನ್ ಮಾಡಿಬಿಟ್ಟರೆ ಎಲ್ಲವೂ ಮೊದಲಿನಂತೆ ಕಾಣಿಸುತ್ತವೆ ಎಂದು ಪರಿಚಯದ ತಂತ್ರಜ್ಞರೊಬ್ಬರು ಹೇಳಿದ್ದಾರೆ. ಅದು ಸರಿಯೇ? ವಿಶೇಷಾಂಕದ ಕೆಲಸ ತಲೆಯ ಮೇಲಿದೆ. ಕರಡು ತಿದ್ದುವವರು ಪುಟಗಳನ್ನು ಪೆನ್‌ಡ್ರೈವ್‌ನಲ್ಲಿ ಹೊತ್ತುಕೊಂಡು ಮೆಟ್ಟಿಲು ಹತ್ತಿ ಇಳಿಯುತ್ತಿದ್ದಾರೆ. ಕಳೆದ ವಾರ ಹೀಗೆ ಓಡಾಡುವಾಗ ತಿದ್ದಿದ ಪುಟದ ಬದಲು ತಿದ್ದದ ಪುಟವೇ ಪ್ಲೇಟಿಗೆ ಹೋಗಿ, ಇಡೀ ಒಂದು ಫಾರಂ (ಒಂದು ಹಾಳೆಯಲ್ಲಿ ಒಟ್ಟಿಗೆ ಅಚ್ಚಾಗುವ ಪುಟಗಳ ಕಟ್ಟು) ಮತ್ತೆ ಅಚ್ಚು ಹಾಕಬೇಕಾಯಿತು. ಆದ್ದರಿಂದ ದಯವಿಟ್ಟು ದಾರಿ ತೋರಿಸಿ.


ಉತ್ತರ: ತಂತಿಜಾಲ

ನೀವು ಯಾವ ಯಂತ್ರದಲ್ಲಿ ಯಾವುದು ಕಾಣುತ್ತದೆ ಎಂಬುದನ್ನು ಇಷ್ಟು ವಿವರವಾಗಿ ಬರೆದಿರುವುದರಿಂದ ಅರ್ಧ ಕೆಲಸ ಮುಗಿದಂತೆಯೇ ಆಗಿದೆ. ನಿಮ್ಮ ಕಚೇರಿಯಲ್ಲಿ ಒಂದು ದೋಷವಿಲ್ಲ. ಮೂರೋ ನಾಲ್ಕೋ ಬೇರೆ ಬೇರೆ ದೋಷಗಳು ಒಂದರ ಮೇಲೊಂದು ಕುಳಿತಿವೆ. ಒಂದನ್ನು ಸರಿಪಡಿಸಿದರೂ ಪಟ್ಟಿ ಪೂರ್ತಿಯಾಗದಿರುವುದರಿಂದ, ಮಾಡಿದ್ದು ತಪ್ಪೆಂದು ತಿಳಿದು ಅದನ್ನು ಹಿಂತೆಗೆಯುವ ಅಪಾಯ ಇಂತಹ ಕಡೆ ಹೆಚ್ಚು. ಒಂದು ಕಾಗದದಲ್ಲಿ ಸಾಲಿಗೂ ಕಂಬಕ್ಕೂ ಯಂತ್ರಗಳ ಹೆಸರು ಬರೆದು, ಯಾರಿಗೆ ಯಾರು ಕಾಣುತ್ತಾರೆ ಎಂಬ ಕೋಷ್ಟಕವನ್ನು ಇಟ್ಟುಕೊಳ್ಳಿ. ಪ್ರತಿ ಬದಲಾವಣೆಯ ನಂತರ ಅದನ್ನು ತುಂಬಿ.

ಮೊದಲು ತಿಳಿಯಬೇಕಾದದ್ದು, ಆ ಕಿಟಕಿಯಲ್ಲಿ ಕಾಣುವ ಪಟ್ಟಿ ಎರಡು ಬೇರೆ ಬೇರೆ ವ್ಯವಸ್ಥೆಗಳಿಂದ ಬರುತ್ತದೆ ಎಂಬುದು.

ಹಳೆಯದು ಕಂಪ್ಯೂಟರ್ ಬ್ರೌಸರ್ ಎಂಬ ಸೇವೆ. ಅದು ಯಂತ್ರಗಳನ್ನು ಹೆಸರಿನಿಂದ ಗುರುತಿಸುವ ನೆಟ್‌ಬಯಾಸ್ ಎಂಬ ಹಳೆಯ ಪದ್ಧತಿಯ ಮೇಲೆ ನಡೆಯುತ್ತದೆ. ಯುಡಿಪಿ 137 ಮತ್ತು 138ನೆಯ ಪೋರ್ಟ್‌ಗಳನ್ನು, ಅಂದರೆ ಒಂದೊಂದು ಸೇವೆಗೆ ಮೀಸಲಾದ ಸಂಖ್ಯೆಯ ಬಾಗಿಲುಗಳನ್ನು, ಬಳಸುತ್ತದೆ. ಶಾಲೆಯ ಹಾಜರಿ ಪುಸ್ತಕದಂತೆ ಇದನ್ನು ಊಹಿಸಿಕೊಳ್ಳಿ. ಯಂತ್ರಗಳೆಲ್ಲ ತಮ್ಮೊಳಗೆ ಚುನಾವಣೆ ನಡೆಸಿ ಒಂದನ್ನು ಮಾಸ್ಟರ್ ಬ್ರೌಸರ್ ಎಂದು ಆರಿಸುತ್ತವೆ, ಪುಸ್ತಕ ಅದರ ಕೈಯಲ್ಲಿರುತ್ತದೆ. ಉಳಿದವು ಆರಂಭದಲ್ಲಿ ಬೇಗ ಬೇಗ, ಆಮೇಲೆ 12 ನಿಮಿಷಕ್ಕೊಮ್ಮೆ ತಾವು ಇದ್ದೇವೆಂದು ಕೂಗಿ ಹೇಳುತ್ತವೆ. ಸತತವಾಗಿ ಮೂರು ಬಾರಿ ಕೂಗದಿದ್ದರೆ ಹೆಸರು ಹೊಡೆದುಹೋಗುತ್ತದೆ. ಪುಸ್ತಕದ ಪ್ರತಿ ಇಟ್ಟುಕೊಳ್ಳುವ ಬ್ಯಾಕಪ್ ಬ್ರೌಸರ್‌ಗಳು 15 ನಿಮಿಷಕ್ಕೊಮ್ಮೆ ಮಾತ್ರ ಹೊಸ ಪ್ರತಿ ತೆಗೆದುಕೊಳ್ಳುತ್ತವೆ. ಆದ್ದರಿಂದ ಪ್ಲಗ್ ಕಿತ್ತ ಯಂತ್ರವೊಂದು 51 ನಿಮಿಷಗಳವರೆಗೂ ಪಟ್ಟಿಯಲ್ಲಿ ಉಳಿದಿರಬಹುದು. ಹಳೆಯ ದಿನಗಳಲ್ಲಿ ಆಫ್ ಮಾಡಿಟ್ಟ ಯಂತ್ರ ಪಟ್ಟಿಯಲ್ಲಿ ಕಾಣುತ್ತಿದ್ದುದೂ, ಈಗತಾನೆ ಆನ್ ಮಾಡಿದ ಯಂತ್ರ ಕಾಣದಿದ್ದುದೂ ಇದೇ ಕಾರಣಕ್ಕೆ. ಆ ಪಟ್ಟಿ ಯಾವಾಗಲೂ ಸ್ವಲ್ಪ ಹಳಸಿದ ಸುದ್ದಿಯೇ ಆಗಿತ್ತು.

ಹೊಸದು ಡಬ್ಲ್ಯುಎಸ್ ಡಿಸ್ಕವರಿ. ವಿಂಡೋಸ್ ವಿಸ್ಟಾ ಕಾಲದಿಂದ ಇದೆ. ಇದರಲ್ಲಿ ಪುಸ್ತಕವೂ ಇಲ್ಲ, ಚುನಾವಣೆಯೂ ಇಲ್ಲ. ಕಿಟಕಿ ತೆರೆದ ಯಂತ್ರ 239.255.255.250 ಎಂಬ ಮಲ್ಟಿಕಾಸ್ಟ್ (ಗುಂಪಿಗೆಲ್ಲ ಒಟ್ಟಿಗೆ ತಲುಪುವ) ವಿಳಾಸಕ್ಕೆ ಯುಡಿಪಿ 3702ನೆಯ ಪೋರ್ಟ್‌ನಲ್ಲಿ ಯಾರಿದ್ದೀರಿ ಎಂದು ಕೇಳುತ್ತದೆ. ಇರುವವು ತಾವೇ ಓಗೊಡುತ್ತವೆ. ನಂತರ ಟಿಸಿಪಿ 5357ರಲ್ಲಿ ವಿವರ ಕೇಳಿ ಪಡೆಯಲಾಗುತ್ತದೆ.

ಈಗ ನಿಮ್ಮ ಕೋಷ್ಟಕವನ್ನು ನೋಡೋಣ. ಎಕ್ಸ್‌ಪಿಗೆ ಹಾಜರಿ ಪುಸ್ತಕ ಮಾತ್ರ ಗೊತ್ತು. ನಿಮ್ಮ ನ್ಯಾಸ್ ಕೂಡ ಸದ್ಯ ಅಷ್ಟನ್ನೇ ಮಾಡುತ್ತಿರಬೇಕು. ವಿಂಡೋಸ್ 11ಕ್ಕೆ ಓಗೊಡುವುದು ಮಾತ್ರ ಗೊತ್ತು, ಏಕೆಂದರೆ ಬ್ರೌಸರ್ ಸೇವೆಗೆ ಆಧಾರವಾದ ಎಸ್‌ಎಂಬಿ 1 ಅದರಲ್ಲಿ ನಾವಾಗಿ ಆನ್ ಮಾಡದ ಹೊರತು ಇರುವುದಿಲ್ಲ. ವಿಂಡೋಸ್ 7ಕ್ಕೆ ಎರಡೂ ಭಾಷೆ ಬರುತ್ತದೆ, ಹಾಗಾಗಿ ಎರಡೂ ಗುಂಪಿನವರು ಅದಕ್ಕೆ ಕಾಣುತ್ತಾರೆ, ಅದೂ ಎರಡೂ ಗುಂಪಿಗೆ ಕಾಣುತ್ತದೆ. ನಿಮಗೆ ಸೋಜಿಗವೆನಿಸಿದ ಸಂಗತಿಯೇ ರೋಗದ ನೇರ ಲಕ್ಷಣ. ಇದನ್ನು ಕಣ್ಣಾರೆ ನೋಡಬೇಕೆಂದರೆ, ವಿಂಡೋಸ್ 7ರ ನೆಟ್‌ವರ್ಕ್ ಕಿಟಕಿಯನ್ನು ಡೀಟೇಲ್ಸ್ ನೋಟಕ್ಕೆ ಬದಲಿಸಿ, ಮೇಲಿನ ಶೀರ್ಷಿಕೆಯ ಸಾಲಿನ ಮೇಲೆ ಬಲಗುಂಡಿ ಒತ್ತಿ, ಡಿಸ್ಕವರಿ ಮೆಥಡ್ ಎಂಬ ಕಂಬವನ್ನು ಸೇರಿಸಿಕೊಳ್ಳಿ. ಯಾವ ಯಂತ್ರ ಯಾವ ದಾರಿಯಿಂದ ಪಟ್ಟಿಗೆ ಬಂದಿದೆ ಎಂಬುದು ಅದರ ಮುಂದೆಯೇ ಬರೆದಿರುತ್ತದೆ.

ಎರಡನೆಯ ಬಿಲ್ಲಿಂಗ್ ಯಂತ್ರದ ದೋಷ ಸುಲಭದ್ದು. ಹೊಸ ನೆಟ್‌ವರ್ಕ್‌ಗೆ ಸೇರಿದಾಗ ವಿಂಡೋಸ್ 11 ಅದನ್ನು ಪಬ್ಲಿಕ್ ಎಂದೇ ಪರಿಗಣಿಸಿ, ಬಸ್ ನಿಲ್ದಾಣದ ವೈಫೈಯಲ್ಲಿ ಕುಳಿತಂತೆ ಬಾಗಿಲು ಹಾಕಿಕೊಳ್ಳುತ್ತದೆ. ಸೆಟ್ಟಿಂಗ್ಸ್‌ನ ನೆಟ್‌ವರ್ಕ್ ವಿಭಾಗದಲ್ಲಿ ಈಥರ್‌ನೆಟ್ ತೆರೆದು, ಪ್ರೊಫೈಲ್ ಅನ್ನು ಪ್ರೈವೇಟ್‌ಗೆ ಬದಲಿಸಿ. ಬಳಿಕ ಅಡ್ವಾನ್ಸ್ಡ್ ಶೇರಿಂಗ್ ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್ ಡಿಸ್ಕವರಿ ಮತ್ತು ಫೈಲ್ ಶೇರಿಂಗ್ ಎರಡನ್ನೂ ಆನ್ ಮಾಡಿ. ಆನ್ ಮಾಡಿ ಹೊರಬಂದು ಮತ್ತೆ ನೋಡಿದಾಗ ಅದು ತಾನಾಗಿಯೇ ಆಫ್ ಆಗಿದ್ದರೆ, ಅದಕ್ಕೆ ಬೇಕಾದ ಸೇವೆಗಳು ನಡೆಯುತ್ತಿಲ್ಲವೆಂದು ಅರ್ಥ. ಸರ್ವೀಸಸ್ ಪಟ್ಟಿಯಲ್ಲಿ ಡಿಎನ್‌ಎಸ್ ಕ್ಲೈಂಟ್, ಎಸ್‌ಎಸ್‌ಡಿಪಿ ಡಿಸ್ಕವರಿ, ಯುಪಿಎನ್‌ಪಿ ಡಿವೈಸ್ ಹೋಸ್ಟ್, ಫಂಕ್ಷನ್ ಡಿಸ್ಕವರಿ ರಿಸೋರ್ಸ್ ಪಬ್ಲಿಕೇಶನ್ ಇವು ನಾಲ್ಕೂ ಚಾಲೂ ಇರಬೇಕು. ಈ ಕೊನೆಯದೇ ನಿಮ್ಮ ಯಂತ್ರವನ್ನು ಇತರರಿಗೆ ಸಾರುವುದು. ಫಂಕ್ಷನ್ ಡಿಸ್ಕವರಿ ಪ್ರೊವೈಡರ್ ಹೋಸ್ಟ್ ಎಂಬ ಅದರ ಜೊತೆಗಾರ ಇತರರನ್ನು ಹುಡುಕುತ್ತದೆ. ಒಂದು ನಿಂತರೆ ನೀವು ಇತರರಿಗೆ ಕಾಣುವುದಿಲ್ಲ, ಇನ್ನೊಂದು ನಿಂತರೆ ಇತರರು ನಿಮಗೆ ಕಾಣುವುದಿಲ್ಲ. ಎರಡನ್ನೂ ತಡವಾಗಿ ಆರಂಭವಾಗುವ ಆಟೋಮ್ಯಾಟಿಕ್‌ಗೆ ಇಡಿ.

ಮೇಲ್ಮಹಡಿಯ ವಿಚಾರದಲ್ಲಿ ನನಗೆ ಒಂದು ಬಲವಾದ ಅನುಮಾನವಿದೆ. ಮೇಲಿನಿಂದ ಕೆಳಗೆ ಹೋಗಲು ಸಾಧ್ಯ, ಕೆಳಗಿನಿಂದ ಮೇಲೆ ಹೋಗಲು ಸಾಧ್ಯವಿಲ್ಲ ಎಂಬ ಒಮ್ಮುಖದ ಹಾದಿ ಬಹುಮಟ್ಟಿಗೆ ಒಂದನ್ನೇ ಹೇಳುತ್ತದೆ. ಮೇಲಿನ ಒಂದು ಯಂತ್ರದಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಐಪಿಕಾನ್ಫಿಗ್ ಕೊಟ್ಟು, ಅದರ ಐಪಿ ವಿಳಾಸ ಹಾಗೂ ಡಿಫಾಲ್ಟ್ ಗೇಟ್‌ವೇ ಎರಡನ್ನೂ ಇಲ್ಲಿ ಬರೆಯಿರಿ. ಕೆಳಗಿನ ಒಂದು ಯಂತ್ರದ್ದನ್ನೂ ಬರೆಯಿರಿ. ಹೊಸ ವೈಫೈ ರೂಟರ್‌ಗೆ ಕೆಳಗಿನಿಂದ ಬಂದ ಕೇಬಲ್ ಯಾವ ತೂತಿಗೆ ಚುಚ್ಚಿದೆ, ಅದರ ಬಣ್ಣವೇನು ಎಂಬುದನ್ನೂ ನೋಡಿ ತಿಳಿಸಿ. ಸಂಪಾದಕರ ಲ್ಯಾಪ್‌ಟಾಪ್ ಯಾವ ವೈಫೈ ಹೆಸರಿಗೆ ಸೇರಿದೆ ಎಂಬುದೂ ಬೇಕು.


ಅಚ್ಚುಮನೆ

ಬಹಳ ಉಪಕಾರವಾಯಿತು. ಹೇಳಿದಂತೆಯೇ ಮಾಡಿದೆ.

ಎರಡನೆಯ ಬಿಲ್ಲಿಂಗ್ ಯಂತ್ರ ಪಬ್ಲಿಕ್‌ನಲ್ಲಿಯೇ ಇತ್ತು. ಪ್ರೈವೇಟ್ ಮಾಡಿದ ಮೇಲೆ ಡಿಸ್ಕವರಿ ಆನ್ ಮಾಡಿದರೂ ಅದು ಮತ್ತೆ ಮತ್ತೆ ಆಫ್ ಆಗುತ್ತಿತ್ತು. ಸರ್ವೀಸಸ್‌ನಲ್ಲಿ ನೋಡಿದಾಗ ಎಸ್‌ಎಸ್‌ಡಿಪಿ ಡಿಸ್ಕವರಿಯನ್ನು ಯಾರೋ ಡಿಸೇಬಲ್ ಮಾಡಿಟ್ಟಿದ್ದರು. ಅದನ್ನು ಚಾಲೂ ಮಾಡಿದ ಕೂಡಲೇ ಎರಡು ಬಿಲ್ಲಿಂಗ್ ಯಂತ್ರಗಳೂ ಒಂದಕ್ಕೊಂದು ಕಾಣಿಸಿಕೊಂಡವು. ಡಿಸ್ಕವರಿ ಮೆಥಡ್ ಕಂಬವನ್ನು ಸೇರಿಸಿ ನೋಡಿದೆ: ಕರಡು ಕೋಣೆಯ ಯಂತ್ರದಲ್ಲಿ ಎಕ್ಸ್‌ಪಿ ಮತ್ತು ನ್ಯಾಸ್ ಮುಂದೆ ನೆಟ್‌ಬಯಾಸ್ ಎಂದೂ, ಬಿಲ್ಲಿಂಗ್ ಯಂತ್ರಗಳ ಮುಂದೆ ಡಬ್ಲ್ಯುಎಸ್‌ಡಿ ಎಂದೂ ಇದೆ. ತಾವು ಊಹಿಸಿದ್ದು ಅಕ್ಷರಶಃ ನಿಜ.

ಕೆಳಗಿನ ಯಂತ್ರಗಳ ವಿಳಾಸ 192.168.1ರಿಂದ ಆರಂಭವಾಗುತ್ತದೆ, ಗೇಟ್‌ವೇ 192.168.1.1. ಮೇಲಿನ ಯಂತ್ರಗಳದು 192.168.0ರಿಂದ ಆರಂಭವಾಗುತ್ತದೆ, ಗೇಟ್‌ವೇ 192.168.0.1. ಕೆಳಗಿನಿಂದ ಬಂದ ಕೇಬಲ್ ಹೊಸ ರೂಟರ್‌ನ ನೀಲಿ ತೂತಿನಲ್ಲಿದೆ. ಅದರ ಕೆಳಗೆ ವ್ಯಾನ್ ಎಂದು ಬರೆದಿದೆ. ಉಳಿದ ನಾಲ್ಕು ಹಳದಿ ತೂತುಗಳಿಂದ ನಾಲ್ಕು ಡಿಟಿಪಿ ಯಂತ್ರಗಳಿಗೆ ಕೇಬಲ್ ಹೋಗಿದೆ. ಸಂಪಾದಕರ ಲ್ಯಾಪ್‌ಟಾಪ್ ಅತಿಥಿಗಳಿಗೆಂದು ಇಟ್ಟ ವೈಫೈ ಹೆಸರಿನಲ್ಲಿದೆ, ಏಕೆಂದರೆ ಆ ಪಾಸ್‌ವರ್ಡ್ ಸುಲಭವಾಗಿತ್ತು.


ಉತ್ತರ: ತಂತಿಜಾಲ

ಅನುಮಾನ ನಿಜವಾಯಿತು. ಮೇಲಿನ ರೂಟರ್ ತನ್ನದೇ ಆದ ಇನ್ನೊಂದು ಜಾಲವನ್ನು ಕಟ್ಟಿಕೊಂಡು, ಕೆಳಗಿನ ಜಾಲವನ್ನು ಹೊರಗಿನ ಇಂಟರ್ನೆಟ್ ಎಂದು ಭಾವಿಸಿ ಬಾಗಿಲು ಕಾಯುತ್ತಿದೆ. ಒಳಗಿನವರು ಹೊರಗೆ ಹೋಗಬಹುದು, ಹೊರಗಿನವರು ಒಳಗೆ ಬರುವಂತಿಲ್ಲ. ಹಾಜರಿ ಕೂಗುವ ಬ್ರಾಡ್‌ಕಾಸ್ಟ್ ಆಗಲಿ, ಡಬ್ಲ್ಯುಎಸ್ ಡಿಸ್ಕವರಿಯ ಮಲ್ಟಿಕಾಸ್ಟ್ ಆಗಲಿ ಅದನ್ನು ಎರಡೂ ಕಡೆಯಿಂದ ದಾಟುವುದಿಲ್ಲ. ನೀವು ವಿಂಡೋಸ್‌ನಲ್ಲಿ ಏನೇ ಬದಲಿಸಿದರೂ, ಎಸ್‌ಎಂಬಿ 1 ಆನ್ ಮಾಡಿದ್ದರೂ, ಈ ಗೋಡೆ ಇರುವವರೆಗೆ ಮೇಲಿನ ನಾಲ್ಕು ಯಂತ್ರಗಳು ಕೆಳಗೆ ಕಾಣಿಸುತ್ತಿರಲಿಲ್ಲ.

ಪರಿಹಾರ ಹೀಗೆ. ಡಿಟಿಪಿ ಯಂತ್ರವೊಂದರಿಂದ ಮೇಲಿನ ರೂಟರ್‌ನ ಪುಟ ತೆರೆಯಿರಿ. ಆಕ್ಸೆಸ್ ಪಾಯಿಂಟ್ ಮೋಡ್ ಎಂಬ ಆಯ್ಕೆ ಇದ್ದರೆ ಅದನ್ನು ಆರಿಸಿದರೆ ಸಾಕು. ಇಲ್ಲದಿದ್ದರೆ, ಮೊದಲು ಅದರ ಡಿಎಚ್‌ಸಿಪಿಯನ್ನು (ಯಂತ್ರಗಳಿಗೆ ವಿಳಾಸ ಹಂಚುವ ಸೇವೆಯನ್ನು) ಆಫ್ ಮಾಡಿ. ಬಳಿಕ ಅದರ ಸ್ವಂತ ವಿಳಾಸವನ್ನು 192.168.1.2 ಎಂದು ಬದಲಿಸಿ, ಆದರೆ ಆ ವಿಳಾಸವನ್ನು ಕೆಳಗಿನ ರೂಟರ್ ಬೇರೆ ಯಾರಿಗೂ ಹಂಚದಂತೆ ನೋಡಿಕೊಳ್ಳಿ. ಕೊನೆಗೆ ನೀಲಿ ತೂತಿನಲ್ಲಿರುವ ಕೇಬಲ್ ಕಿತ್ತು ಹಳದಿ ತೂತಿಗೆ ಹಾಕಿ. ನಾಲ್ಕೂ ಹಳದಿ ತೂತುಗಳು ತುಂಬಿರುವುದರಿಂದ ನಿಮಗೆ ಐದು ತೂತಿನ ಒಂದು ಸಣ್ಣ ಸ್ವಿಚ್ ಬೇಕಾಗುತ್ತದೆ. ಈ ಕ್ರಮವನ್ನು ತಪ್ಪಿಸಬೇಡಿ. ಡಿಎಚ್‌ಸಿಪಿ ಆಫ್ ಮಾಡದೆ ಕೇಬಲ್ ಬದಲಿಸಿದರೆ ಎರಡು ರೂಟರ್‌ಗಳೂ ವಿಳಾಸ ಹಂಚತೊಡಗಿ, ಇಂದು ಸರಿಯಿರುವ ಕೆಳಮಹಡಿಯೂ ನಾಳೆ ಬೆಳಿಗ್ಗೆ ಕೆಟ್ಟಿರುತ್ತದೆ.

ಅತಿಥಿ ವೈಫೈ ಇರುವುದೇ ಅದರಲ್ಲಿರುವವರನ್ನು ಉಳಿದವರಿಂದ ಪ್ರತ್ಯೇಕಿಸಲು. ಸಂಪಾದಕರನ್ನು ಕಚೇರಿಯ ಮುಖ್ಯ ವೈಫೈಗೆ ಸೇರಿಸಿ, ಆ ಲ್ಯಾಪ್‌ಟಾಪ್‌ನಲ್ಲಿಯೂ ಪ್ರೊಫೈಲ್ ಪ್ರೈವೇಟ್ ಮಾಡಿ.

ಎಸ್‌ಎಂಬಿ 1ರ ಪ್ರಶ್ನೆಗೆ ಇಲ್ಲಿ ನನಗಿಂತ ಹೆಚ್ಚು ಅನುಭವವಿರುವವರು ಉತ್ತರಿಸಲಿ.


ಉತ್ತರ: ಹಳೆಯ ಗಣಕ

ಎಸ್‌ಎಂಬಿ 1 ಆನ್ ಮಾಡಬೇಡಿ. ಇದನ್ನು ನಾನು ಸುಮ್ಮನೆ ಎಚ್ಚರಿಕೆಯ ಮಾತಾಗಿ ಹೇಳುತ್ತಿಲ್ಲ, ಕಾರಣ ಸಹಿತ ಹೇಳುತ್ತೇನೆ.

2017ರ ಮೇ 12ರಂದು ಹರಡಿದ ವಾನ್ನಾಕ್ರೈ ಎಂಬ ಕಡತ ಒತ್ತೆಯಿಡುವ ಹುಳು ಹಬ್ಬಿದ್ದೇ ಎಸ್‌ಎಂಬಿ 1ರ ಒಂದು ದೋಷದ ಮೂಲಕ. ಒಂದು ಕಚೇರಿಯ ಒಂದು ಯಂತ್ರಕ್ಕೆ ಅದು ಹೊಕ್ಕರೆ ಸಾಕಿತ್ತು. ಯಾರೂ ಏನನ್ನೂ ಕ್ಲಿಕ್ ಮಾಡದೆಯೇ 445ನೆಯ ಪೋರ್ಟ್ ಮೂಲಕ ಪಕ್ಕದ ಯಂತ್ರಕ್ಕೆ ತಾನೇ ದಾಟುತ್ತಿತ್ತು. ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆಯ ಆಸ್ಪತ್ರೆಗಳು ಅಂದು ರೋಗಿಗಳನ್ನು ವಾಪಸು ಕಳಿಸಬೇಕಾಯಿತು. ಮೈಕ್ರೋಸಾಫ್ಟ್ ಆ ದೋಷಕ್ಕೆ ಮಾರ್ಚ್‌ನಲ್ಲಿಯೇ ಪ್ಯಾಚ್ ಕೊಟ್ಟಿತ್ತು. ಬೆಂಬಲ ಮುಗಿದು ಮೂರು ವರ್ಷ ಕಳೆದಿದ್ದ ಎಕ್ಸ್‌ಪಿಗೂ ಹುಳು ಹಬ್ಬಿದ ಮೇಲೆ ವಿಶೇಷವಾಗಿ ಪ್ಯಾಚ್ ಬಿಡುಗಡೆ ಮಾಡಿತು. ನಿಮ್ಮ ಎಕ್ಸ್‌ಪಿಯಲ್ಲಿ ಅದು ಇದೆಯೇ ಎಂದು ನೋಡಿ, ಇಲ್ಲದಿದ್ದರೆ ಇಂದೇ ಹಾಕಿ. ಹತ್ತಾರು ಪುಸ್ತಕಗಳ ಪುಟಗಳಿರುವ ಮನೆ ನಿಮ್ಮದು. ಪಟ್ಟಿಯಲ್ಲಿ ಒಂದು ಹೆಸರು ಕಾಣಲಿ ಎಂಬ ಕಾರಣಕ್ಕೆ ಒಂಬತ್ತೂ ಯಂತ್ರಗಳ ಹಿಂಬಾಗಿಲನ್ನು ತೆರೆದಿಡುವುದು ತಕ್ಕುದಲ್ಲ.

ಅದೇ ವರ್ಷದ ಅಕ್ಟೋಬರ್‌ನಲ್ಲಿ ಬಂದ ವಿಂಡೋಸ್ 10ರ 1709 ಆವೃತ್ತಿಯಿಂದ ಎಸ್‌ಎಂಬಿ 1 ಅನ್ನು ಕೈಬಿಡುವುದು ಆರಂಭವಾಯಿತು. ಆ ಆವೃತ್ತಿಯ ಹೋಮ್ ಮತ್ತು ಪ್ರೊನಲ್ಲಿ ಇತರ ಯಂತ್ರಗಳ ಕಡತ ತೆರೆಯುವ ಕ್ಲೈಂಟ್ ಭಾಗ ಮಾತ್ರ ಉಳಿದಿತ್ತು, ಅದೂ 15 ದಿನ ಬಳಕೆಯಾಗದಿದ್ದರೆ ತಾನೇ ಅಳಿದುಹೋಗುತ್ತಿತ್ತು. ಅದರ ಜೊತೆಗೆ ಕಂಪ್ಯೂಟರ್ ಬ್ರೌಸರ್ ಸೇವೆಯೂ ಹೋಗುತ್ತದೆ. ಆಗ ಎಷ್ಟೋ ಕಚೇರಿಗಳಲ್ಲಿ ಅಪ್‌ಡೇಟ್ ಆದ ದಿನ ಎಲ್ಲವೂ ಕಂಡು, ಎರಡು ವಾರದ ನಂತರ ಪಟ್ಟಿ ಖಾಲಿಯಾದದ್ದು ಇದರಿಂದ. ಯಾರೂ ಏನೂ ಬದಲಿಸಿಲ್ಲ ಎಂದು ಸಿಬ್ಬಂದಿ ಹೇಳುತ್ತಿದ್ದುದು ನಿಜವೇ ಆಗಿತ್ತು. ಇಂದು ಜಾಲದ ಯಂತ್ರಗಳ ಪಟ್ಟಿ ಕೇಳುವ ನೆಟ್ ವ್ಯೂ ಆದೇಶ ಕೊಟ್ಟಾಗ 6118 ಎಂಬ ದೋಷಸಂಖ್ಯೆ ಬಂದರೆ, ಆ ಹಳೆಯ ಪುಸ್ತಕ ಈ ಯಂತ್ರಕ್ಕೆ ಸಿಗುತ್ತಿಲ್ಲವೆಂದು ತಿಳಿಯಿರಿ. ಅದು ಜಾಲ ಕೆಟ್ಟಿರುವುದರ ಗುರುತಲ್ಲ.

ಇನ್ನು ಎಕ್ಸ್‌ಪಿ ಯಂತ್ರ. ಅದಕ್ಕೆ ಎಸ್‌ಎಂಬಿ 1 ಬಿಟ್ಟರೆ ಬೇರೆ ಭಾಷೆ ಬಾರದು. ಎರಡನೆಯ ಆವೃತ್ತಿ ಬಂದದ್ದೇ ವಿಸ್ಟಾದ ಜೊತೆ. ಆದ್ದರಿಂದ ಅದನ್ನು ಹೊಸ ಯಂತ್ರಗಳ ಪಟ್ಟಿಗೆ ತರುವ ಪ್ರಯತ್ನವನ್ನೇ ಬಿಡಿ. ಅದಕ್ಕೆ ಬೇಕಿರುವುದು ತಿದ್ದಿ ಒಪ್ಪಿದ ಪುಟಗಳು ಬಂದು ಸೇರುವ ಒಂದು ದಾರಿ, ಅಷ್ಟೇ. ಹೆಚ್ಚಿನ ನ್ಯಾಸ್ ಪೆಟ್ಟಿಗೆಗಳಲ್ಲಿ ಕಡತ ಸಾಗಿಸುವ ಎಫ್‌ಟಿಪಿ ಸೇವೆ ಇರುತ್ತದೆ. ಪ್ಲೇಟಿಗೆ ಎಂಬ ಒಂದೇ ಫೋಲ್ಡರ್ ಮಾಡಿ, ಆ ಫೋಲ್ಡರ್ ಬಿಟ್ಟು ಬೇರೇನೂ ಕಾಣದ, ಬರೆಯುವ ಹಕ್ಕಿಲ್ಲದ ಒಬ್ಬ ಬಳಕೆದಾರನನ್ನು ಸೃಷ್ಟಿಸಿ. ಎಕ್ಸ್‌ಪಿಯ ಎಕ್ಸ್‌ಪ್ಲೋರರ್‌ನಲ್ಲಿಯೇ ಎಫ್‌ಟಿಪಿ ವಿಳಾಸ ಕೊಟ್ಟು ಪುಟಗಳನ್ನು ಎಳೆದುಕೊಳ್ಳಬಹುದು. ಎಫ್‌ಟಿಪಿಯಲ್ಲಿ ಪಾಸ್‌ವರ್ಡ್ ಬಯಲಾಗಿಯೇ ಹೋಗುತ್ತದೆ. ಅದಕ್ಕಾಗಿಯೇ ಆ ಬಳಕೆದಾರನಿಗೆ ಬೇರೆಲ್ಲೂ ಪ್ರವೇಶವಿರಬಾರದು. ಜೊತೆಗೆ ಎಕ್ಸ್‌ಪಿಯ ಟಿಸಿಪಿ ಐಪಿ ಗುಣಲಕ್ಷಣಗಳಲ್ಲಿ ವಿಳಾಸವನ್ನು ಕೈಯಿಂದಲೇ ಬರೆದು, ಗೇಟ್‌ವೇ ಜಾಗವನ್ನು ಖಾಲಿ ಬಿಡಿ. ಆಗ ಅದು ಕಚೇರಿಯೊಳಗೆ ಮಾತನಾಡುತ್ತದೆ, ಇಂಟರ್ನೆಟ್‌ಗೆ ಹೋಗುವುದಿಲ್ಲ. ಕೊನೆಯಲ್ಲಿ ನ್ಯಾಸ್‌ನ ಸೆಟ್ಟಿಂಗ್‌ನಲ್ಲಿ ಕನಿಷ್ಠ ಎಸ್‌ಎಂಬಿ 2 ಎಂದು ಇಡಿ. ನಿಮ್ಮ ವಿಂಡೋಸ್ 7ಕ್ಕೆ ಅದರಿಂದ ತೊಂದರೆಯಿಲ್ಲ.


ಉತ್ತರ: ಕಡತಪಾಲ

ನ್ಯಾಸ್ ಬಗ್ಗೆ ಎರಡು ಮಾತು ಸೇರಿಸುತ್ತೇನೆ. ಹಲವು ನ್ಯಾಸ್ ಪೆಟ್ಟಿಗೆಗಳ ಫೈಲ್ ಸರ್ವೀಸಸ್ ಪುಟದಲ್ಲಿ ಡಬ್ಲ್ಯುಎಸ್ ಡಿಸ್ಕವರಿ ಎಂಬ ಒಂದು ಚೌಕ ಇರುತ್ತದೆ. ಅದಕ್ಕೆ ಗುರುತು ಹಾಕಿದರೆ ನ್ಯಾಸ್ ವಿಂಡೋಸ್ 11ರ ಪಟ್ಟಿಗೂ ಬರುತ್ತದೆ. ಹಳೆಯ ಫರ್ಮ್‌ವೇರ್‌ನಲ್ಲಿ ಇಲ್ಲದಿದ್ದರೆ ಅಪ್‌ಡೇಟ್ ಮಾಡಿ ನೋಡಿ. ಲಿನಕ್ಸ್ ಯಂತ್ರವನ್ನೇ ಕಡತಗಳಿಗೆ ಬಳಸುವವರು ಡಬ್ಲ್ಯುಎಸ್‌ಡಿಡಿ ಎಂಬ ಪ್ಯಾಕೇಜ್ ಹಾಕಿದರೆ ಇದೇ ಕೆಲಸ ಆಗುತ್ತದೆ, ಏಕೆಂದರೆ ಲಿನಕ್ಸ್‌ನಲ್ಲಿ ಕಡತ ಹಂಚುವ ಸಾಂಬಾ ತಾನಾಗಿ ಹಳೆಯ ನೆಟ್‌ಬಯಾಸ್ ಕೂಗನ್ನು ಮಾತ್ರ ಕೂಗುತ್ತದೆ.

ಪಟ್ಟಿಯಲ್ಲಿ ಕಂಡ ಮೇಲೂ ತೆರೆಯದಿದ್ದರೆ ಅದು ಬೇರೆ ದೋಷ. ಪಾಸ್‌ವರ್ಡ್ ಇಲ್ಲದ ಅತಿಥಿ ಪ್ರವೇಶವನ್ನು ವಿಂಡೋಸ್ 11ರ 24ಎಚ್2 ಆವೃತ್ತಿಯ ಪ್ರೊ ಯಂತ್ರಗಳು ಒಪ್ಪುವುದಿಲ್ಲ. ಆ ರಕ್ಷಣೆಯನ್ನು ಸಡಿಲಿಸುವ ಬದಲು ನ್ಯಾಸ್‌ನಲ್ಲಿ ಪ್ರತಿಯೊಬ್ಬರಿಗೂ ಹೆಸರು ಮತ್ತು ಪಾಸ್‌ವರ್ಡ್ ಮಾಡಿಕೊಡಿ. ಯಾರು ಯಾವ ಪುಟವನ್ನು ಬದಲಿಸಿದರು ಎಂಬ ದಾಖಲೆಯೂ ಅದರಿಂದ ಉಳಿಯುತ್ತದೆ. ನೀವು ಹೇಳಿದ ಆ ಫಾರಂನ ಪ್ರಸಂಗದಲ್ಲಿ ಅದು ಉಪಯೋಗಕ್ಕೆ ಬರುತ್ತಿತ್ತು.


ಅಚ್ಚುಮನೆ

ಭಾನುವಾರ ಕಚೇರಿ ಮುಚ್ಚಿದ್ದಾಗ ಎಲ್ಲವನ್ನೂ ಮಾಡಿದೆ. ಸ್ವಿಚ್ ಹಾಕಿ, ಹೇಳಿದ ಕ್ರಮದಲ್ಲಿಯೇ ಮೇಲಿನ ರೂಟರ್ ಬದಲಿಸಿದೆ. ಈಗ ಮೇಲಿನ ಯಂತ್ರಗಳಿಗೂ 192.168.1ರ ವಿಳಾಸಗಳು ಬಂದಿವೆ, ಕೆಳಗಿನಿಂದ ವಿಳಾಸ ಕೊಟ್ಟರೆ ನಾಲ್ಕೂ ತೆರೆಯುತ್ತವೆ. ನ್ಯಾಸ್‌ನಲ್ಲಿ ಆ ಚೌಕ ಇತ್ತು. ಗುರುತು ಹಾಕಿದ ಅರ್ಧ ನಿಮಿಷದಲ್ಲಿ ಬಿಲ್ಲಿಂಗ್ ಯಂತ್ರದ ಪಟ್ಟಿಯಲ್ಲಿ ಕಾಣಿಸಿಕೊಂಡಿತು. ಸಂಪಾದಕರ ಲ್ಯಾಪ್‌ಟಾಪ್ ಕೂಡ ಬಂತು.

ಆದರೆ ಡಿಟಿಪಿ ಯಂತ್ರಗಳದು ಇನ್ನೂ ಬಗೆಹರಿದಿಲ್ಲ. ಎಲ್ಲಿಂದ ನೋಡಿದರೂ ನಾಲ್ಕರಲ್ಲಿ ಒಂದೇ ಕಾಣುತ್ತದೆ. ಅದೂ ಬೆಳಿಗ್ಗೆ ಯಾವುದನ್ನು ಮೊದಲು ಆನ್ ಮಾಡುತ್ತೇವೆಯೋ ಅದೇ. ನಾಲ್ಕರಲ್ಲಿಯೂ ಪ್ರೊಫೈಲ್ ಪ್ರೈವೇಟ್ ಇದೆ, ಸೇವೆಗಳೆಲ್ಲ ನಡೆಯುತ್ತಿವೆ. ಮರುಸ್ಥಾಪನೆ ಮಾಡಿದವರು ಅವುಗಳಿಗೆ ಇಂಗ್ಲಿಷ್‌ನಲ್ಲಿ ಡಿಟಿಪಿ ಡಿಪಾರ್ಟ್‌ಮೆಂಟ್ ಎಂದು ಬಿಡುವಿಲ್ಲದೆ ಬರೆದು, ಅಡ್ಡಗೆರೆ ಹಾಕಿ, 01ರಿಂದ 04ರವರೆಗೆ ಹೆಸರಿಟ್ಟಿದ್ದಾರೆ. ಮೊದಲು ಅವು ಬರೀ ಡಿಟಿಪಿ1, ಡಿಟಿಪಿ2 ಎಂದಿದ್ದವು.


ಉತ್ತರ: ತಂತಿಜಾಲ

ಉತ್ತರ ನಿಮ್ಮ ಕೊನೆಯ ಎರಡು ವಾಕ್ಯಗಳಲ್ಲಿಯೇ ಇದೆ. ಇಂಗ್ಲಿಷ್ ಅಕ್ಷರಗಳನ್ನು ಬೆರಳಿನಲ್ಲಿ ಎಣಿಸಿ: ಡಿಟಿಪಿಗೆ 3, ಡಿಪಾರ್ಟ್‌ಮೆಂಟ್‌ಗೆ 10, ಅಡ್ಡಗೆರೆ 1, ಅಲ್ಲಿಗೆ 14, ಎರಡು ಅಂಕಿ ಸೇರಿ 16.

ನೆಟ್‌ಬಯಾಸ್ ಹೆಸರಿಗೆ ಇರುವುದು 16 ಬೈಟ್‌ಗಳ ಜಾಗ. ಅದರಲ್ಲಿ ಕೊನೆಯದನ್ನು ಇದು ಯಾವ ಬಗೆಯ ಹೆಸರು ಎಂದು ಸೂಚಿಸುವ ಸಂಕೇತಕ್ಕೆ ಮೀಸಲಿಡಲಾಗಿದೆ. ಯಂತ್ರದ ಹೆಸರಿಗೆ ಉಳಿಯುವುದು 15 ಮಾತ್ರ. ಹೆಸರು ಅದನ್ನು ಮೀರಿದರೆ ವಿಂಡೋಸ್ ಬಾಲವನ್ನು ಕತ್ತರಿಸುತ್ತದೆ. ನಿಮ್ಮ ನಾಲ್ಕು ಹೆಸರುಗಳಲ್ಲಿ ವ್ಯತ್ಯಾಸವಿರುವುದು ಹದಿನಾರನೆಯ ಅಕ್ಷರದಲ್ಲಿ, ಕತ್ತರಿಸಿ ಹೋದದ್ದೂ ಅದೇ. ಹೀಗಾಗಿ ಜಾಲದ ಮಟ್ಟಿಗೆ ನಾಲ್ಕಕ್ಕೂ ಸೊನ್ನೆಗೆ ಮುಗಿಯುವ ಒಂದೇ ಹೆಸರು. ಬೆಳಿಗ್ಗೆ ಮೊದಲು ಎದ್ದ ಯಂತ್ರ ಹೆಸರನ್ನು ತನ್ನದೆಂದು ನೋಂದಾಯಿಸಿಕೊಳ್ಳುತ್ತದೆ. ಆಮೇಲೆ ಬಂದವಕ್ಕೆ ಜಾಗವಿಲ್ಲ. ಇದನ್ನು ಪರೀಕ್ಷಿಸಬೇಕೆಂದರೆ ಎರಡನೆಯದಾಗಿ ಆನ್ ಮಾಡಿದ ಯಂತ್ರದಲ್ಲಿ ಎನ್‌ಬಿಟಿಸ್ಟ್ಯಾಟ್ ಆದೇಶದ ಮುಂದೆ ಅಡ್ಡಗೆರೆ ಹಾಗೂ ಸಣ್ಣ ಎನ್ ಅಕ್ಷರ ಹಾಕಿ ಕೊಡಿ. ಹೆಸರಿನ ಎದುರು ರಿಜಿಸ್ಟರ್ಡ್ ಎಂದಿರಬೇಕಾದ ಕಡೆ ಕಾನ್‌ಫ್ಲಿಕ್ಟ್ ಎಂದಿರುತ್ತದೆ.

ಈ ದೋಷವನ್ನು ನಾನೂ ಒಮ್ಮೆ ಇಡೀ ಎರಡು ದಿನ ಹುಡುಕಿದ್ದೇನೆ, ಏಕೆಂದರೆ ಸೆಟ್ಟಿಂಗ್ಸ್‌ನಲ್ಲಿ ನೋಡಿದರೆ ಪೂರ್ತಿ ಹೆಸರೇ ಕಾಣುತ್ತದೆ, ಎಲ್ಲವೂ ಬೇರೆ ಬೇರೆಯಾಗಿಯೇ ಇರುತ್ತವೆ. ಹಳೆಯ ಗಿಡ್ಡ ಹೆಸರುಗಳನ್ನೇ ಮತ್ತೆ ಇಡಿ, ಒಂದೊಂದನ್ನೂ ರೀಸ್ಟಾರ್ಟ್ ಮಾಡಿ.

ಇನ್ನೊಂದು ಸಲಹೆ. ಪಟ್ಟಿ ಪೂರ್ತಿಯಾದ ಮೇಲೂ ದಿನನಿತ್ಯದ ಕೆಲಸವನ್ನು ಅದರ ಮೇಲೆ ನಿಲ್ಲಿಸಬೇಡಿ. ಕೆಳಗಿನ ರೂಟರ್‌ನಲ್ಲಿ ನ್ಯಾಸ್‌ಗೆ ಒಂದು ಖಾಯಂ ವಿಳಾಸ ಕಾಯ್ದಿರಿಸಿ, ಕರಡಿನ ಫೋಲ್ಡರನ್ನು ಪ್ರತಿ ಯಂತ್ರದಲ್ಲಿಯೂ ಒಂದೇ ಅಕ್ಷರದ ಡ್ರೈವ್ ಆಗಿ ಜೋಡಿಸಿಡಿ. ಪಟ್ಟಿಗೆ ಬರುವುದು ಮಲ್ಟಿಕಾಸ್ಟ್ ಕೂಗಿಗೆ ಓಗೊಟ್ಟಾಗ. ಕಡತ ತೆರೆಯುವುದು 445ನೆಯ ಪೋರ್ಟ್‌ನಲ್ಲಿ ನೇರವಾಗಿ ಮಾತನಾಡಿದಾಗ. ಮೊದಲನೆಯದು ಕೈಕೊಟ್ಟ ದಿನವೂ ಎರಡನೆಯದು ನಡೆಯುತ್ತಿರುತ್ತದೆ.


ಅಚ್ಚುಮನೆ

ಕಾನ್‌ಫ್ಲಿಕ್ಟ್ ಎಂಬ ಪದವನ್ನು ಮೂರು ಯಂತ್ರಗಳಲ್ಲಿ ಕಣ್ಣಾರೆ ಕಂಡೆ. ಹೆಸರು ಬದಲಿಸಿದೆ. ಈಗ ಎಕ್ಸ್‌ಪಿ ಹೊರತು ಉಳಿದ ಎಂಟು ಕಂಪ್ಯೂಟರ್‌ಗಳೂ ನ್ಯಾಸ್ ಕೂಡ ಪರಸ್ಪರರಿಗೆ ಕಾಣುತ್ತಿವೆ. ಮೂರು ದಿನದಿಂದ ಕೋಷ್ಟಕದಲ್ಲಿ ಒಂದು ಚೌಕವೂ ಖಾಲಿ ಬಿದ್ದಿಲ್ಲ. ಕರಡಿನ ಫೋಲ್ಡರನ್ನು ಎಲ್ಲರ ಯಂತ್ರದಲ್ಲಿಯೂ ಕೆ ಡ್ರೈವ್ ಎಂದು ಜೋಡಿಸಿದ್ದೇನೆ.

ಎಕ್ಸ್‌ಪಿಗೆ ಪ್ಯಾಚ್ ಹಾಕಿ, ಗೇಟ್‌ವೇ ಖಾಲಿ ಬಿಟ್ಟು, ಎಫ್‌ಟಿಪಿ ಮೂಲಕ ಪ್ಲೇಟಿಗೆ ಎಂಬ ಫೋಲ್ಡರನ್ನು ಮಾತ್ರ ತೋರಿಸಿದ್ದೇನೆ. ಆ ಫೋಲ್ಡರಿಗೆ ಪುಟ ಹಾಕುವ ಹಕ್ಕನ್ನು ಹಿರಿಯ ಕರಡು ತಿದ್ದುಗರಿಗಷ್ಟೇ ಕೊಟ್ಟಿದ್ದೇನೆ. ನಿನ್ನೆ ವಿಶೇಷಾಂಕದ ಮೊದಲ ಫಾರಂನ ಹದಿನಾರು ಪುಟಗಳು ಆ ದಾರಿಯಲ್ಲಿಯೇ ಪ್ಲೇಟಿಗೆ ಹೋದವು. ಪೆನ್‌ಡ್ರೈವನ್ನು ಮೇಜಿನ ಡ್ರಾಯರಿನಲ್ಲಿ ಇಟ್ಟಿದ್ದೇವೆ. ತಂತಿಜಾಲ, ಹಳೆಯ ಗಣಕ ಮತ್ತು ಕಡತಪಾಲ ಅವರಿಗೆ ನಮ್ಮ ಎರಡೂ ಮಹಡಿಯವರ ಪರವಾಗಿ ನಮಸ್ಕಾರಗಳು.